ಕಾಯಕದೃಷ್ಟಿಯಿಂದ ವ್ಯವಹಾರ ನಿರ್ವಹಣಾಶಾಸ್ತ್ರ

ಶರಣಧರ್ಮವು ಗೃಹಸ್ಥನಿಗೆ ಸಂಸಾರವನ್ನು ತೊರೆಯೆಂದು ಬೋಧಿಸಲಿಲ್ಲ. ಸಂಸಾರದಲ್ಲಿದ್ದುಕೊಂಡೇ ಸತ್ಯಶುದ್ಧವಾದ ಕಾಯಕದಿಂದ ಗಳಿಸಿ, ಗಳಿಸಿದುದನ್ನು ಗುರು-ಲಿಂಗ-ಜಂಗಮಕ್ಕೆ ಸಮರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸಿ ಬಾಳಬೇಕೆಂದು ಬೋಧಿಸಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣರ ಹೆಸರುಗಳನ್ನು ನೆನೆದ ಮಾತ್ರಕ್ಕೆ ಇದು ಸ್ಪಷ್ಟವಾಗುವುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ ಮುಂತಾದವರು ತಮ್ಮ ಕಾಯಕವನ್ನು ಮರೆಮಾಚದೆ ಹೆಸರಿನ ಮುಂದೆಯೇ ಧರಿಸಿದರು. ಬಟ್ಟೆ ಒಗೆಯುವುದೂ ದೋಣಿ ನಡೆಸುವುದೂ ಹಗ್ಗ ಹೊಸೆಯುವುದೂ ಅವರಿಗೆ ಲಿಂಗಪೂಜೆಯಿಂದ ಬೇರೆಯಾಗಿರಲಿಲ್ಲ.

ಇಂದಿನ ಸದ್ಭಕ್ತರ ಮನೆಗಳಲ್ಲಿ ಕಾಯಕದ ರೂಪ ಬದಲಾಗಿದೆ. ಒಕ್ಕಲುತನದ ಜೊತೆಗೆ ಅಂಗಡಿ, ಅಡತಿ, ಗಿರಣಿ, ಸಹಕಾರಿ ಸಂಘ, ಕಾರ್ಖಾನೆ ಇವೆಲ್ಲವೂ ಸೇರಿಕೊಂಡಿವೆ. ಮಕ್ಕಳು ಪದವಿಪೂರ್ವ ತರಗತಿಯಲ್ಲಿ ವಾಣಿಜ್ಯ ವಿಭಾಗವನ್ನು ಆರಿಸಿಕೊಂಡು, ಬಿ.ಕಾಂ. ಅಥವಾ ಬಿ.ಬಿ.ಎ. ಪದವಿಗೆ ಸೇರುತ್ತಾರೆ. ಅಲ್ಲಿ ಅವರಿಗೆ ಆರಂಭದಲ್ಲಿಯೇ ಎದುರಾಗುವ ವಿಷಯವೆಂದರೆ ವ್ಯವಹಾರ ನಿರ್ವಹಣೆಯ ಮೂಲತತ್ತ್ವಗಳು.

ಈ ವಿದ್ಯೆಯ ವಿಷಯದಲ್ಲಿ ಹಿರಿಯರಿಗೆ ಎರಡು ಬಗೆಯ ಸಂದೇಹಗಳುಂಟು. ಇದು ಕೇವಲ ಲಾಭ ಗಳಿಸುವ ಜಾಣ್ಮೆ, ಇದನ್ನು ಕಲಿತ ಮಗನು ದಯಾಧರ್ಮಗಳನ್ನು ಮರೆತಾನು ಎಂಬುದು ಒಂದು. ಕಾಯಕದ ಬಗೆಗೆ ಶರಣರು ಎಲ್ಲವನ್ನೂ ಹೇಳಿಬಿಟ್ಟಿರುವಾಗ ಪಾಶ್ಚಾತ್ಯರಿಂದ ಕಲಿಯಬೇಕಾದುದೇನಿದೆ ಎಂಬುದು ಇನ್ನೊಂದು. ವಿಚಾರಿಸಿ ನೋಡಿದರೆ ಇವೆರಡೂ ನಿಲ್ಲತಕ್ಕ ಮಾತುಗಳಲ್ಲ. ನಿರ್ವಹಣಾಶಾಸ್ತ್ರವು ಸಾಧನಗಳ ವಿದ್ಯೆ. ಕೆಲಸವನ್ನು ಹೇಗೆ ಮಾಡಬೇಕು, ಹಲವರಿಂದ ಹೇಗೆ ಮಾಡಿಸಬೇಕು ಎಂಬುದನ್ನು ಅದು ಚೆನ್ನಾಗಿ ತಿಳಿಸುವುದು. ಆ ಕೆಲಸ ಯಾರಿಗಾಗಿ, ಅದರ ಫಲ ಯಾರಿಗೆ ಎಷ್ಟು ಸಲ್ಲತಕ್ಕುದು ಎಂಬುದನ್ನು ಅದೊಂದರಿಂದಲೇ ನಿರ್ಣಯಿಸಲಾಗದು. ಅದಕ್ಕೆ ಆಚಾರದ ಬೆಳಕು ಬೇಕು. ಸಾಧನವನ್ನರಿಯದ ಸದುದ್ದೇಶವು ಮನೆಯನ್ನು ಸಾಲಕ್ಕೆ ನೂಕುವುದುಂಟು. ಉದ್ದೇಶವನ್ನು ಮರೆತ ಸಾಧನವು ಮನುಷ್ಯನನ್ನೇ ಯಂತ್ರವಾಗಿ ಕಾಣುವುದುಂಟು. ಆದಕಾರಣ ವಿದ್ಯಾರ್ಥಿಯು ಎರಡನ್ನೂ ಕೂಡಿಸಿಯೇ ಅಭ್ಯಸಿಸಬೇಕು.

ಸಮಾಜದ ಪೂರ್ವಿಕರು ಹೊಸ ವಿದ್ಯೆಗೆ ಎಂದೂ ವಿಮುಖರಾದವರಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಲ್ಲಿಯೂ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯು 1916ರಲ್ಲಿಯೂ ಹುಟ್ಟಿದುದು ಈ ಮನೋಧರ್ಮದಿಂದಲೇ. ನಿರ್ವಹಣಾಶಾಸ್ತ್ರದ ಒಂದು ಮೂಲಗ್ರಂಥವು ದೂರದ ಫ್ರಾನ್ಸಿನಲ್ಲಿ ಪ್ರಕಟವಾದುದು ಅದೇ 1916ರಲ್ಲಿ.

1. ಶಾಸ್ತ್ರದ ಹುಟ್ಟು

ಆ ಗ್ರಂಥದ ಕರ್ತೃ ಹೆನ್ರಿ ಫಯೋಲ್. 1841ರಲ್ಲಿ ಜನಿಸಿದ ಈತನು ಗಣಿವಿದ್ಯೆಯನ್ನು ಕಲಿತು, 1860ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೇ ಕೊಮಾಂತ್ರಿ ಎಂಬ ಊರಿನ ಕಲ್ಲಿದ್ದಲ ಗಣಿಗೆ ಇಂಜಿನಿಯರನಾಗಿ ಬಂದನು. 1888ರಲ್ಲಿ ಆ ಕಂಪನಿಯು ದಿವಾಳಿಯ ಅಂಚಿನಲ್ಲಿದ್ದಾಗ ಅದರ ಮುಖ್ಯಾಧಿಕಾರವು ಈತನ ಹೆಗಲಿಗೆ ಬಂದಿತು. ಮೂವತ್ತು ವರ್ಷಗಳ ತರುವಾಯ, 1918ರಲ್ಲಿ, ಈತನು ಅದನ್ನು ಬಿಟ್ಟುಕೊಡುವಾಗ ಕಂಪನಿಯು ಭದ್ರವಾಗಿ ನಿಂತಿತ್ತು. ಗಣಿ ಅದೇ, ಜನರೂ ಬಹುಮಟ್ಟಿಗೆ ಅವರೇ. ಬದಲಾದುದು ನಡೆಸುವ ಕ್ರಮ. ಈ ಅನುಭವವೇ ಆತನ ಗ್ರಂಥಕ್ಕೆ ಆಧಾರವಾಯಿತು.

ಫಯೋಲನು ತರುಣನಾಗಿದ್ದಾಗ ನಡೆದ ಒಂದು ಘಟನೆಯು ವಿದ್ಯಾರ್ಥಿಗಳು ನೆನಪಿಡತಕ್ಕುದಾಗಿದೆ. 1861ರಲ್ಲಿ ಗಣಿಯೊಳಗೆ ಬಂಡಿಯೆಳೆಯುವ ಕುದುರೆಯೊಂದರ ಕಾಲು ಮುರಿಯಿತು. ಬದಲಿಗೆ ಬೇರೊಂದು ಕುದುರೆಯನ್ನು ಕೊಡಬೇಕೆಂದು ಫಯೋಲನು ಚೀಟಿ ಬರೆದನು. ಲಾಯದವನು ಚೀಟಿಯನ್ನು ನೋಡಿ, ಅದರಲ್ಲಿ ನಿರ್ದೇಶಕರ ಸಹಿಯಿಲ್ಲವಾದುದರಿಂದ ಕುದುರೆಯನ್ನು ಕೊಡಲಾಗದೆಂದನು. ನಿರ್ದೇಶಕನು ಊರಿನಲ್ಲಿರಲಿಲ್ಲ, ತನ್ನ ಬದಲಿಗೆ ಯಾರನ್ನೂ ನೇಮಿಸಿಯೂ ಇರಲಿಲ್ಲ. ಲಾಯದಲ್ಲಿ ಕುದುರೆಯಿತ್ತು, ಗಣಿಯಲ್ಲಿ ಕೆಲಸವಿತ್ತು. ಆದರೂ ಅಂದಿನ ಕೆಲಸ ನಿಂತುಹೋಯಿತು. ಲಾಯದವನದು ತಪ್ಪಲ್ಲ, ತರುಣನದೂ ತಪ್ಪಲ್ಲ, ವ್ಯವಸ್ಥೆಯ ತಪ್ಪು. ಅಧಿಕಾರಸ್ಥಾನವು ಎಂದೂ ಬರಿದಾಗಿರಕೂಡದು, ಹೊಣೆ ಹೊತ್ತವನಿಗೆ ಅದಕ್ಕೆ ತಕ್ಕ ಅಧಿಕಾರವಿರಬೇಕು ಎಂಬ ವಿಚಾರವು ಇಂಥ ಅನುಭವಗಳಿಂದಲೇ ಆತನಲ್ಲಿ ಬೆಳೆಯಿತು. ಯಜಮಾನನು ಜಾತ್ರೆಗೆ ಹೋದ ದಿನ ಕಪಾಟಿನ ಬೀಗದ ಕೈಯಿಲ್ಲದೆ ಬಂದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಿದ ಅಂಗಡಿಗಳು ಕನ್ನಡನಾಡಿನಲ್ಲಿಯೂ ಕಡಮೆಯಿಲ್ಲ.

2. ಐದು ಕಾರ್ಯಗಳು

ಇಂದಿನ ಪಠ್ಯಗಳು ನಿರ್ವಹಣೆಯನ್ನು ಐದು ಕಾರ್ಯಗಳಾಗಿ ವಿಂಗಡಿಸುತ್ತವೆ: ಯೋಜನೆ, ಸಂಘಟನೆ, ಸಿಬ್ಬಂದಿಯ ನೇಮಕ, ನಿರ್ದೇಶನ, ನಿಯಂತ್ರಣ. ಇವನ್ನು ಹೆಸರಿಸಿ ಬಿಟ್ಟರೆ ತಿಳಿವಳಿಕೆ ಬಾರದು. ಒಂದು ದೃಷ್ಟಾಂತದಲ್ಲಿಟ್ಟು ನೋಡತಕ್ಕುದು.

ಕಲಬುರಗಿಯ ಸೀಮೆಯು ತೊಗರಿಗೆ ಪ್ರಸಿದ್ಧವಾದುದು; ಅಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆ ಸೀಮೆಯಲ್ಲಿ ದಾಲ್ ಮಿಲ್ಲೆಂದು ಜನರು ಕರೆಯುವ ಬೇಳೆಯ ಗಿರಣಿಯನ್ನು ನಡೆಸುತ್ತಿರುವ ಒಬ್ಬ ಭಕ್ತನನ್ನು ಭಾವಿಸೋಣ. ದಿನವೂ ಲಿಂಗಪೂಜೆಯನ್ನು ತಪ್ಪಿಸದವನು, ತೂಕದಲ್ಲಿ ಮೋಸ ಮಾಡದವನು, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸದವನು. ಆದರೂ ವರ್ಷದಿಂದ ವರ್ಷಕ್ಕೆ ಬ್ಯಾಂಕಿನ ಸಾಲ ಬೆಳೆಯುತ್ತಿತ್ತು. ಕಾರಣವೇನೆಂಬುದು ಆತನಿಗೇ ತಿಳಿಯದು. ಪದವಿಯನ್ನು ಮುಗಿಸಿ ಬಂದ ಮಗನು ಗಿರಣಿಯ ಗಾದಿಯಲ್ಲಿ ಕುಳಿತು ಮೂರು ತಿಂಗಳು ಸುಮ್ಮನೆ ನೋಡಿದನು.

ಮೊದಲು ಕಂಡುದು ಯೋಜನೆಯ ಕೊರತೆ. ಡಿಸೆಂಬರಿನಿಂದ ಹೊಸ ತೊಗರಿ ಮಾರುಕಟ್ಟೆಗೆ ಬರತೊಡಗಿದೊಡನೆ ತಂದೆಯು ವರ್ಷಕ್ಕೆ ಬೇಕಾದುದನ್ನೆಲ್ಲ ಸಾಲ ತೆಗೆದು ಒಮ್ಮೆಲೇ ಕೊಳ್ಳುತ್ತಿದ್ದನು. ಬೆಲೆಯೇನೋ ತುಸು ಅಗ್ಗವಾಗಿ ಕಾಣುತ್ತಿತ್ತು. ಆದರೆ ತಿಂಗಳುಗಟ್ಟಲೆ ಗೋದಾಮಿನಲ್ಲಿ ಮಲಗಿದ ಮಾಲಿಗೆ ಬಡ್ಡಿ, ಬಾಡಿಗೆ, ಹುಳುವಿನ ನಷ್ಟ ಇವನ್ನು ಯಾರೂ ಕೂಡಿಸಿರಲಿಲ್ಲ. ಮುಂದೆ ಬರುವುದನ್ನು ಇಂದೇ ಲೆಕ್ಕಹಾಕಿ, ಇರುವ ಹಲವು ದಾರಿಗಳಲ್ಲಿ ಒಂದನ್ನು ಆರಿಸುವುದೇ ಯೋಜನೆ. ಅಗ್ಗವೆಂಬ ಒಂದೇ ಸಂಗತಿಯನ್ನು ನೋಡಿ ಉಳಿದುದನ್ನು ದೈವಕ್ಕೆ ಬಿಡುವುದು ಯೋಜನೆಯೂ ಅಲ್ಲ, ಶಿವಭಕ್ತಿಯೂ ಅಲ್ಲ.

ಎರಡನೆಯದು ಸಂಘಟನೆ. ಗಿರಣಿಯಲ್ಲಿ ತೊಗರಿಯನ್ನು ಶುದ್ಧಿಮಾಡಿ, ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ, ರಾಶಿಯಲ್ಲಿಟ್ಟು, ಅಂಗಳದಲ್ಲಿ ಒಣಗಿಸಿ, ಆಮೇಲೆ ಸಿಪ್ಪೆ ಬಿಡಿಸಿ ಒಡೆಯುತ್ತಾರೆ. ಈ ಹಂತಗಳಲ್ಲಿ ಯಾವುದು ಯಾರ ಹೊಣೆಯೆಂಬುದು ಗೊತ್ತಿರಲಿಲ್ಲ. ಮಳೆ ಬಂದರೆ ಅಂಗಳದ ಕಾಳನ್ನು ಎತ್ತಬೇಕಾದವರು ಯಾರೆಂದು ಕೇಳಿದರೆ ಎಲ್ಲರೂ ಎನ್ನುವ ಉತ್ತರ ಬರುತ್ತಿತ್ತು. ಎಲ್ಲರ ಹೊಣೆಯಾದುದು ಯಾರ ಹೊಣೆಯೂ ಆಗಲಿಲ್ಲ, ಕಾಳು ನೆನೆಯುತ್ತಿತ್ತು. ಮೂರನೆಯದಾದ ನೇಮಕದಲ್ಲಿ, ಯಂತ್ರದ ಬಳಿ ಕುಳಿತವನು ಯಂತ್ರವನ್ನರಿತವನಾಗಿರದೆ ಮನೆಯ ಬೀಗನಾಗಿದ್ದನು.

ನಾಲ್ಕನೆಯದು ನಿರ್ದೇಶನ. ಕೆಲಸ ಹೇಳುವುದಷ್ಟೇ ನಿರ್ದೇಶನವಲ್ಲ. ಕೆಲಸದ ಉದ್ದೇಶವನ್ನು ತಿಳಿಸುವುದು, ಉತ್ಸಾಹವನ್ನು ಹುಟ್ಟಿಸುವುದು, ಎದುರಿನವನ ಮಾತನ್ನು ಕೇಳುವುದು ಇವೆಲ್ಲವೂ ಅದರಲ್ಲಿ ಅಡಗಿವೆ. ಐದನೆಯದಾದ ನಿಯಂತ್ರಣವು ಯೋಜನೆಯ ಜೋಡಿ. ಎಷ್ಟಾಗಬೇಕೆಂದು ನಿಶ್ಚಯಿಸಿ, ಎಷ್ಟಾಯಿತೆಂದು ಅಳೆದು, ವ್ಯತ್ಯಾಸವಿದ್ದರೆ ಕಾರಣವನ್ನು ಹುಡುಕಿ ಸರಿಪಡಿಸುವುದೇ ನಿಯಂತ್ರಣ. ನೂರು ಕಿಲೋ ತೊಗರಿಯಿಂದ ಸುಮಾರು 70ರಿಂದ 75 ಕಿಲೋ ಬೇಳೆ ಬರತಕ್ಕುದು; ಉಳಿದುದು ಹೊಟ್ಟು, ನುಚ್ಚುಗಳಾಗಿ ದನಕರುಗಳ ಮೇವಿಗೆ ಸಲ್ಲುವುದು. ತಮ್ಮ ಗಿರಣಿಯಲ್ಲಿ ಎಷ್ಟು ಬರುತ್ತದೆಂದು ಮಗನು ಕೇಳಿದಾಗ ತಂದೆಯು, “ಒಳ್ಳೆಯದೇ ಬರುತ್ತದೆ, ಮಗನೇ” ಎಂದನಂತೆ. ಅಳತೆಯಿಲ್ಲದಲ್ಲಿ ನಿಯಂತ್ರಣವೆಲ್ಲಿಯದು?

ಎಲ್ಲಕ್ಕೂ ಮೂಲವಾದ ದೋಷ ಇನ್ನೊಂದಿತ್ತು. ಮನೆಯ ಹಣವೂ ಗಿರಣಿಯ ಹಣವೂ ಒಂದೇ ಗಲ್ಲೆಯಲ್ಲಿದ್ದವು. ಮಗಳ ಮದುವೆಗೂ ಯಾತ್ರೆಗೂ ದಾನಕ್ಕೂ ಅಲ್ಲಿಂದಲೇ ತೆಗೆದುದಾಗಿತ್ತು; ಕಿರ್ದಿಯಲ್ಲಿ ಬರೆದುದು ಮಾತ್ರ ಇರಲಿಲ್ಲ. ವ್ಯವಹಾರವು ಅದರ ಒಡೆಯನಿಂದ ಬೇರೆಯಾದ ಘಟಕವೆಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಮಗನು ಎರಡು ಖಾತೆಗಳನ್ನು ಬೇರೆ ಮಾಡಿದಾಗ, ಬಂಡವಾಳವನ್ನೇ ಲಾಭವೆಂದು ಭಾವಿಸಿ ಖರ್ಚುಮಾಡುತ್ತಿದ್ದುದು ಬೆಳಕಿಗೆ ಬಂದಿತು. ತಂದೆಗೆ ನೋವಾಯಿತು. “ದಾನಕ್ಕೂ ಲೆಕ್ಕವಿಡಬೇಕೇನಪ್ಪಾ?” ಎಂದು ಕೇಳಿದನು. “ಅಪ್ಪಾ, ನಾವು ಕೊಟ್ಟುದು ನಮ್ಮ ಹಣವಾಗಿರಲಿಲ್ಲ, ಬ್ಯಾಂಕಿನ ಹಣವಾಗಿತ್ತು” ಎಂದು ಮಗನು ಮೆಲ್ಲನೆ ಹೇಳಿದನು. ಸಾಲದ ಹಣದಿಂದ ಮಾಡಿದ ದಾಸೋಹವು ಸತ್ಯಶುದ್ಧ ಕಾಯಕದ ಫಲವಾಗದೆಂಬುದು ಆಗ ತಂದೆಗೆ ಹೊಳೆಯಿತು.

3. ಹದಿನಾಲ್ಕು ತತ್ತ್ವಗಳು

ಫಯೋಲನು ತನ್ನ ಅನುಭವದ ಸಾರವನ್ನು ಹದಿನಾಲ್ಕು ತತ್ತ್ವಗಳಲ್ಲಿ ಸಂಗ್ರಹಿಸಿದನು: ಶ್ರಮವಿಭಜನೆ, ಅಧಿಕಾರ ಮತ್ತು ಹೊಣೆ, ಶಿಸ್ತು, ಏಕಾಜ್ಞೆ, ಏಕಲಕ್ಷ್ಯ, ಸಮಷ್ಟಿಯ ಹಿತಕ್ಕೆ ವ್ಯಕ್ತಿಹಿತದ ಅಧೀನತೆ, ತಕ್ಕ ವೇತನ, ಕೇಂದ್ರೀಕರಣ, ಅಧಿಕಾರದ ಮೆಟ್ಟಿಲುಗಳು, ಕ್ರಮಬದ್ಧತೆ, ಸಮದೃಷ್ಟಿ, ನೌಕರಿಯ ಸ್ಥಿರತೆ, ಸ್ವಯಂಪ್ರೇರಣೆ, ಸಂಘಭಾವನೆ. ಇವು ಗಣಿತದ ಸೂತ್ರಗಳಂತೆ ಕಟ್ಟುನಿಟ್ಟಾದವಲ್ಲ, ಸಂದರ್ಭವನ್ನು ನೋಡಿ ಅಳತೆಯರಿತು ಬಳಸತಕ್ಕವು ಎಂದು ಆತನೇ ಎಚ್ಚರಿಸಿದ್ದಾನೆ. ಪರೀಕ್ಷೆಗಾಗಿ ಹದಿನಾಲ್ಕನ್ನೂ ಕಂಠಪಾಠ ಮಾಡುವ ವಿದ್ಯಾರ್ಥಿಯು ಈ ಎಚ್ಚರಿಕೆಯನ್ನು ಮರೆಯಬಾರದು.

ಇವುಗಳಲ್ಲಿ ಗೃಹಸ್ಥರ ವ್ಯವಹಾರಕ್ಕೆ ಹೆಚ್ಚು ಹತ್ತಿರವಾದುದು ಏಕಾಜ್ಞೆ. ಒಬ್ಬ ಕೆಲಸಗಾರನಿಗೆ ಒಬ್ಬನೇ ಅಪ್ಪಣೆ ಕೊಡಬೇಕು. ಕೂಡು ಕುಟುಂಬದ ಅಂಗಡಿಯಲ್ಲಿ ತಂದೆ, ಚಿಕ್ಕಪ್ಪ, ಅಣ್ಣ, ಅಳಿಯ ಎಲ್ಲರೂ ಒಬ್ಬನೇ ಹಮಾಲನಿಗೆ ಅಪ್ಪಣೆ ಕೊಡುವರು. ಒಬ್ಬನು ಚೀಲವನ್ನು ಒಳಗಿಡು ಎನ್ನುವನು, ಇನ್ನೊಬ್ಬನು ಲಾರಿಗೆ ಹೇರು ಎನ್ನುವನು. ಬೈಸಿಕೊಳ್ಳುವವನು ಮಾತ್ರ ಹಮಾಲನೇ. ಅಣ್ಣತಮ್ಮಂದಿರ ಎಷ್ಟೋ ಅಂಗಡಿಗಳು ಒಡೆದುದು ಹಣದ ಲೋಭಕ್ಕಿಂತ ಹೆಚ್ಚಾಗಿ ಈ ಗೊಂದಲದಿಂದ. ಯಾರು ಯಾವುದನ್ನು ನೋಡಿಕೊಳ್ಳಬೇಕೆಂದು ಹಿರಿಯರು ಕುಳಿತು ನಿಶ್ಚಯಿಸಿ, ಅದನ್ನು ಕೆಲಸಗಾರರಿಗೂ ತಿಳಿಸಿದರೆ ಮನೆಯ ಪ್ರೀತಿಯೂ ಉಳಿಯುವುದು, ಅಂಗಡಿಯೂ ಉಳಿಯುವುದು.

ಅಧಿಕಾರ ಮತ್ತು ಹೊಣೆ ಇವು ಜೋಡೆತ್ತುಗಳಂತೆ ಸಮನಾಗಿರಬೇಕೆಂಬುದು ಮತ್ತೊಂದು ತತ್ತ್ವ. ಹೊಣೆಯನ್ನು ಮಾತ್ರ ಕೊಟ್ಟು ಅಧಿಕಾರವನ್ನು ತಾನೇ ಇಟ್ಟುಕೊಳ್ಳುವ ಯಜಮಾನನು ಗಣಿಯ ಆ ನಿರ್ದೇಶಕನ ತಪ್ಪನ್ನೇ ಮಾಡುವನು. ಅಧಿಕಾರವನ್ನು ಅನುಭವಿಸಿ ಹೊಣೆಯನ್ನು ಕೆಳಗಿನವರ ಮೇಲೆ ಹೊರಿಸುವವನದು ಅದಕ್ಕಿಂತ ಹೀನವಾದ ನಡತೆ. ಸಮದೃಷ್ಟಿಯ ವಿಷಯದಲ್ಲಿ ಫಯೋಲನು ನ್ಯಾಯವೊಂದೇ ಸಾಲದು, ಅದರೊಡನೆ ಕರುಣೆಯೂ ಕೂಡಬೇಕು ಎನ್ನುತ್ತಾನೆ. ಗಣಿಯ ಕತ್ತಲೆಯಲ್ಲಿ ಹಲವು ದಶಕಗಳನ್ನು ಕಳೆದ ಒಬ್ಬ ಇಂಜಿನಿಯರನು ಈ ನಿರ್ಣಯಕ್ಕೆ ಬಂದುದು ಗಮನಾರ್ಹ. ಶಿವಾಚಾರವು ಭಕ್ತರಲ್ಲಿ ಮೇಲುಕೀಳೆಂಬ ಭೇದವೆಣಿಸಕೂಡದೆಂದು ವಿಧಿಸುವುದು. ಅದನ್ನು ಆಚರಿಸುವ ಮನೆಯಲ್ಲಿ ಈ ತತ್ತ್ವಕ್ಕೆ ಹೊಸದಾಗಿ ನೆಲ ಹದಮಾಡಬೇಕಾಗಿಲ್ಲ.

4. ಕೂಲಿಯ ಪ್ರಶ್ನೆ

ನಿರ್ವಹಣಾಶಾಸ್ತ್ರದ ಇನ್ನೊಬ್ಬ ಆದ್ಯನು ಅಮೆರಿಕದ ಫ್ರೆಡರಿಕ್ ವಿನ್ಸ್‌ಲೋ ಟೇಲರ್. 1856ರಲ್ಲಿ ಹುಟ್ಟಿದ ಈತನು ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದು, 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಗ್ರಂಥರೂಪಕ್ಕೆ ತಂದನು. ರೂಢಿಯಿಂದ ಬಂದ ಕೆಲಸದ ರೀತಿಯನ್ನು ಹಾಗೆಯೇ ಒಪ್ಪದೆ, ಪ್ರತಿಯೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದು, ಅತ್ಯುತ್ತಮವಾದ ರೀತಿಯನ್ನು ಕಂಡುಹಿಡಿದು, ಅದನ್ನು ಕೆಲಸಗಾರನಿಗೆ ಕಲಿಸಬೇಕೆಂಬುದು ಆತನ ಮತ. ವ್ಯರ್ಥಶ್ರಮವನ್ನು ತಪ್ಪಿಸುವ ಮಟ್ಟಿಗೆ ಇದು ಉಪಕಾರಕವಾದ ವಿಚಾರವೇ.

ಆದರೆ ಆತನೇ ಕೊಟ್ಟ ಪ್ರಸಿದ್ಧ ಉದಾಹರಣೆಯನ್ನು ವಿದ್ಯಾರ್ಥಿಯು ಕಣ್ಣುತೆರೆದು ಓದಬೇಕು. ಬೆತ್ಲೆಹೆಮ್ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲುಬಂಡಿಗೆ ತುಂಬುವ ಕೂಲಿಯೊಬ್ಬನು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದನು. ಟೇಲರನ ಕ್ರಮದಿಂದ ನಲವತ್ತೇಳೂವರೆ ಟನ್ ಹೊತ್ತನು ಎಂದು ಗ್ರಂಥದಲ್ಲಿದೆ. ಆತನ ದಿನಗೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಹೊರೆಯು ಸುಮಾರು ನಾಲ್ಕು ಪಟ್ಟಾಯಿತು. ಕೂಲಿಯು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಯಿತು. ನಡುವಿನ ವ್ಯತ್ಯಾಸವು ಎಲ್ಲಿಗೆ ಹೋಯಿತು? ಕೆಲಸದ ಕ್ರಮವನ್ನು ಕಂಡುಹಿಡಿದವರ ಪಾಲು ಅದರಲ್ಲಿ ಉಂಟೆಂಬುದು ನಿಜ. ಆದರೂ ಬೆನ್ನು ಬಾಗಿಸಿದವನ ಪಾಲು ಇಷ್ಟೇ ಏಕೆ ಎಂಬ ಪ್ರಶ್ನೆ ಉಳಿಯುವುದು. ಈ ಪ್ರಶ್ನೆ ಆ ನಾಡಿನಲ್ಲಿಯೂ ಎದ್ದಿತು. 1911ರಲ್ಲಿ ವಾಟರ್‌ಟೌನಿನ ಸರಕಾರಿ ಶಸ್ತ್ರಾಗಾರದಲ್ಲಿ ಕೆಲಸಗಾರರು ಗಡಿಯಾರದ ಅಳತೆಯನ್ನು ಪ್ರತಿಭಟಿಸಿ ಹೊರನಡೆದರು; ಅಮೆರಿಕದ ಪ್ರತಿನಿಧಿಸಭೆಯ ಸಮಿತಿಯೊಂದು ಟೇಲರನನ್ನೇ ಕರೆಸಿ 1912ರಲ್ಲಿ ವಿಚಾರಣೆ ನಡೆಸಿತು.

ಗಿರಣಿಯ ದೃಷ್ಟಾಂತಕ್ಕೆ ಮರಳಿ ಬಂದರೆ, ಆ ಮಗನೂ ಇದೇ ಎಡವಟ್ಟನ್ನು ಮಾಡಿದನೆಂದು ಭಾವಿಸೋಣ. ಲೆಕ್ಕಪತ್ರವನ್ನು ಸರಿಪಡಿಸಿದ ಹುರುಪಿನಲ್ಲಿ ಆತನು ಅಂಗಳದಲ್ಲಿ ಕಾಳೊಣಗಿಸುವವರಿಗೆ ಚೀಲದ ಲೆಕ್ಕದಿಂದ ಕೂಲಿಯನ್ನು ಗೊತ್ತುಮಾಡಿದನು. ಹೆಚ್ಚು ಚೀಲ ಸಾಗಿಸಿದವರಿಗೆ ಹೆಚ್ಚು ಕೂಲಿ. ಮೊದಲ ವಾರ ಚೀಲಗಳ ಎಣಿಕೆ ಏರಿತು. ಎರಡನೆಯ ವಾರ ಬೇಳೆಯ ಪ್ರಮಾಣ ಇಳಿಯಿತು. ಅರೆ ಒಣಗಿದ ಕಾಳು ಯಂತ್ರಕ್ಕೆ ಹೋಗಿ, ಸಿಪ್ಪೆ ಬಿಡದೆ, ಮರಳಿ ಮರಳಿ ಹಾಕಬೇಕಾಗಿ, ನುಚ್ಚು ಹೆಚ್ಚಿತು. ಇಪ್ಪತ್ತು ವರ್ಷಗಳಿಂದ ಅಲ್ಲಿ ದುಡಿಯುತ್ತಿದ್ದ ಮುದುಕಿಯೊಬ್ಬಳು ಕೆಲಸ ಬಿಡುವೆನೆಂದು ಬಂದು ನಿಂತಳು. “ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ಒಣಗಿದೆಯೆಂದು ಹೇಳುವವಳು ನಾನು, ಸಾಹುಕಾರರೇ. ಈಗ ಕಡಿದು ನೋಡುತ್ತ ನಿಂತರೆ ನನ್ನ ಕೂಲಿ ಹೋಗುತ್ತದೆ, ನೋಡದೆ ಕಳುಹಿಸಿದರೆ ನಿಮ್ಮ ಬೇಳೆ ಹೋಗುತ್ತದೆ” ಎಂದಳು.

ಪಠ್ಯದಲ್ಲಿ ಸ್ವಯಂಪ್ರೇರಣೆ, ನೌಕರಿಯ ಸ್ಥಿರತೆ ಎಂದು ಓದಿದ ಶಬ್ದಗಳ ಅರ್ಥವು ಆ ಮಗನಿಗೆ ಆಗ ತಿಳಿಯಿತು. ಆಕೆಯ ಇಪ್ಪತ್ತು ವರ್ಷಗಳ ಅರಿವು ಯಾವ ಖಾತೆಯಲ್ಲಿಯೂ ಬರೆದಿರಲಿಲ್ಲ. ಆದರೂ ಗಿರಣಿಯ ಲಾಭವು ಅದರ ಮೇಲೆ ನಿಂತಿತ್ತು. ಮಗನು ಚೀಲದ ಲೆಕ್ಕವನ್ನು ಬಿಟ್ಟು, ಮೊದಲಿನ ದಿನಗೂಲಿಯನ್ನು ಹೆಚ್ಚಿಸಿ, ಕಾಳು ಯಂತ್ರಕ್ಕೆ ಹೋಗುವ ಮುನ್ನ ಆಕೆಯ ಒಪ್ಪಿಗೆ ಬೇಕೆಂದು ವಿಧಿಸಿದನು. ಬೇಳೆ ಹೆಚ್ಚು ಬಂದ ತಿಂಗಳು ಅದರ ಒಂದು ಪಾಲು ಎಲ್ಲ ಕೆಲಸಗಾರರಿಗೂ ಸಲ್ಲುವಂತೆ ಮಾಡಿದನು.

ಟೇಲರನ ತರುವಾಯ ಬಂದ ವಿಚಾರವಂತರು ಈ ಸತ್ಯವನ್ನೇ ಬೇರೆ ಬೇರೆ ದಾರಿಗಳಿಂದ ಕಂಡರು. ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಎಂಬ ವಿದುಷಿಯು 1920ರ ದಶಕದಲ್ಲಿ, ಅಪ್ಪಣೆಯು ಒಬ್ಬನ ದರ್ಪದಿಂದ ಹೊರಡಬಾರದು, ಸಂದರ್ಭದ ಅಗತ್ಯದಿಂದ ಹೊರಡಬೇಕು. ಅಧಿಕಾರವನ್ನು ಇತರರ ಮೇಲೆ ಚಲಾಯಿಸುವುದಕ್ಕಿಂತ ಇತರರೊಡನೆ ಕೂಡಿ ಬೆಳೆಸುವುದು ಮೇಲು ಎಂದು ಪ್ರತಿಪಾದಿಸಿದಳು. ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರ ವರೆಗೆ ನಡೆದ ಪ್ರಯೋಗಗಳ ತರುವಾಯ, ಕೆಲಸಗಾರರ ಪರಸ್ಪರ ಸಂಬಂಧ, ಮನೋಭಾವ ಇವು ಕೂಡ ಶಾಸ್ತ್ರದ ವಿಷಯಗಳಾದವು. ಶಾಸ್ತ್ರವು ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಬಂದಿದೆ. ವಿದ್ಯಾರ್ಥಿಯು ಮೊದಲ ಅಧ್ಯಾಯವನ್ನು ಓದಿ ನಿಲ್ಲಬಾರದು.

5. ಶರಣರ ಒರೆಗಲ್ಲು

ಪಂಚಾಚಾರಗಳಲ್ಲಿ ಸದಾಚಾರವು ಸತ್ಯಶುದ್ಧವಾದ ಗಳಿಕೆಯನ್ನು ವಿಧಿಸುವುದು. ಭೃತ್ಯಾಚಾರವು ತಾನು ಶಿವಭಕ್ತರ ಸೇವಕನೆಂಬ ವಿನಯವನ್ನು ವಿಧಿಸುವುದು. ಕಾಲೇಜಿನಲ್ಲಿ ಕಲಿತ ಪ್ರತಿಯೊಂದು ತತ್ತ್ವವನ್ನೂ ಈ ಎರಡು ಒರೆಗಲ್ಲುಗಳಿಗೆ ಉಜ್ಜಿ ನೋಡತಕ್ಕುದು.

ಸದಾಚಾರಕ್ಕೆ ಆಯ್ದಕ್ಕಿ ದಂಪತಿಗಳ ಚರಿತ್ರೆಯೇ ಸಾಕ್ಷಿ. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಶರಣ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಕುರುಹೆಂದು ತಿಳಿಸಿ, ಹೆಚ್ಚಿನದನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದಳು. ನುಲಿಯ ಚಂದಯ್ಯನ ಪ್ರಸಂಗವೂ ಇದೇ ತೆರನಾದುದು: ಹಗ್ಗಕ್ಕೆ ಸಲ್ಲತಕ್ಕ ಬೆಲೆಗಿಂತ ಹೆಚ್ಚಿನ ಹಣವು ಬಂದಾಗ ಆತನು ಅದನ್ನು ಒಪ್ಪಲಿಲ್ಲ. ಶೂನ್ಯಸಂಪಾದನೆಯು ಈ ಎರಡು ಪ್ರಸಂಗಗಳಿಗೂ ಪ್ರತ್ಯೇಕವಾಗಿ ಸ್ಥಾನವನ್ನು ಕೊಟ್ಟಿರುವುದು ಅವುಗಳ ಮಹತ್ತ್ವವನ್ನು ತೋರಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಲಾಭವಿಲ್ಲದೆ ವ್ಯವಹಾರ ನಡೆಯದು; ಯಂತ್ರ ಸವೆಯುವುದು, ಬರಗಾಲ ಬರುವುದು, ಬೆಲೆ ಬೀಳುವುದು; ಅವಕ್ಕೆಲ್ಲ ಉಳಿತಾಯ ಬೇಡವೇ? ಬೇಕು. ಯಂತ್ರದ ಸವೆತಕ್ಕೂ ಆಪತ್ಕಾಲಕ್ಕೂ ಲೆಕ್ಕಹಾಕಿ ತೆಗೆದಿಟ್ಟುದು ಕಾಯಕವನ್ನು ಉಳಿಸಿಕೊಳ್ಳುವ ವೆಚ್ಚವೇ ಹೊರತು ಲೋಭವಲ್ಲ. ಲಕ್ಕಮ್ಮನು ನಿಷೇಧಿಸಿದುದು ಗಳಿಕೆಯನ್ನಲ್ಲ, ಅಳತೆ ತಪ್ಪಿದ ಆಸೆಯನ್ನು. ತೊಗರಿಯನ್ನು ಬಚ್ಚಿಟ್ಟು ಬೆಲೆಯೇರಿಸಿ ಬಡವನ ಸಾರಿನ ಗಡಿಗೆಯಿಂದ ಗಳಿಸಿದ ಹಣವು ಲೆಕ್ಕಪುಸ್ತಕದಲ್ಲಿ ಲಾಭವೆಂದೇ ಬರೆಯಲ್ಪಡುವುದು. ಸದಾಚಾರದ ಪುಸ್ತಕದಲ್ಲಿ ಅದಕ್ಕೆ ಆ ಹೆಸರಿಲ್ಲ.

ಭೃತ್ಯಾಚಾರಕ್ಕೂ ಲೆಕ್ಕಶುದ್ಧಿಗೂ ಬಸವಣ್ಣನವರೇ ಮೇಲ್ಪಂಕ್ತಿ. ಬಿಜ್ಜಳನ ಭಂಡಾರಿಯಾಗಿದ್ದ ಅವರು ಅರಸನ ಬೊಕ್ಕಸವನ್ನು ಜಂಗಮದಾಸೋಹಕ್ಕೆ ವೆಚ್ಚಮಾಡುತ್ತಿರುವರೆಂದು ಅಸೂಯಾಪರರು ದೂರಿತ್ತರು. ಎಣಿಸಿ ನೋಡಿದಾಗ ಭಂಡಾರವು ಕಡಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪುರಾಣವು ಇದನ್ನು ಪವಾಡವೆಂದು ಕೊಂಡಾಡುವುದು. ಗೃಹಸ್ಥನು ಇದರಿಂದ ಗ್ರಹಿಸತಕ್ಕ ಪಾಠವು ಸರಳವಾಗಿದೆ: ಪರರ ಹಣದ ಹೊಣೆ ಹೊತ್ತವನು ಯಾವ ಗಳಿಗೆಯಲ್ಲಿ ಕೇಳಿದರೂ ಲೆಕ್ಕವನ್ನೊಪ್ಪಿಸುವಂತಿರಬೇಕು. ಸಹಕಾರಿ ಸಂಘದ ಕಾರ್ಯದರ್ಶಿಗೂ ಮಠದ ಉಗ್ರಾಣಿಗೂ ಕಂಪನಿಯ ವ್ಯವಸ್ಥಾಪಕನಿಗೂ ಇದು ಸಮಾನವಾಗಿ ಅನ್ವಯಿಸುವುದು.

ಕೊಡುವ ವಿಷಯದಲ್ಲಿ ಇಂದಿನ ಕಾನೂನೂ ಒಂದು ಹೆಜ್ಜೆಯನ್ನಿಟ್ಟಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ನಿಗದಿತ ಪ್ರಮಾಣವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಹಿತಕ್ಕೆ ವಿನಿಯೋಗಿಸಬೇಕು. ಇದು ಸ್ತುತ್ಯವಾದುದೇ. ಆದರೆ ದಾಸೋಹವು ಇದಕ್ಕಿಂತ ಮುಂದಿನ ಮಾತು. ಕಾನೂನು ಲಾಭವನ್ನು ಎಣಿಸಿದ ಮೇಲೆ ಪಾಲು ಕೇಳುವುದು. ದಾಸೋಹವು ಗಳಿಸುವ ಮೊದಲೇ, ಗಳಿಸುವ ರೀತಿಯಲ್ಲಿಯೇ, ಇತರರ ಪಾಲನ್ನು ನೆನೆಯುವುದು. ಕೂಲಿಯನ್ನು ಕತ್ತರಿಸಿ ಉಳಿಸಿದ ಹಣದಿಂದ ಜಾತ್ರೆಯಲ್ಲಿ ಅನ್ನ ಬಡಿಸಿದರೆ, ಅದು ಕೂಲಿಯವನ ಅನ್ನವನ್ನೇ ಅವನಿಗೆ ಬಡಿಸಿದಂತಾಯಿತು.

6. ಅಧ್ಯಯನದ ಕ್ರಮ

ಈ ಶಾಸ್ತ್ರವನ್ನು ಕಲಿಯುವವರು ಶ್ರವಣ, ಮನನ, ನಿದಿಧ್ಯಾಸನವೆಂಬ ಪ್ರಾಚೀನ ಕ್ರಮವನ್ನೇ ಅನುಸರಿಸಬಹುದು. ಅಧ್ಯಾಪಕರ ಪಾಠವನ್ನು ಕೇಳಿ, ವ್ಯಾಖ್ಯೆಗಳನ್ನು ಶುದ್ಧವಾಗಿ ಬರೆದುಕೊಳ್ಳುವುದು ಶ್ರವಣ. ಕೇಳಿದ ತತ್ತ್ವಕ್ಕೆ ತಾನು ಕಂಡ ಅಂಗಡಿ, ಹೊಲ, ಆಸ್ಪತ್ರೆ, ದಾಸೋಹಮನೆಗಳಿಂದ ಒಂದು ಉದಾಹರಣೆಯನ್ನೂ, ಅದು ಸಲ್ಲದ ಒಂದು ಸಂದರ್ಭವನ್ನೂ ಹುಡುಕುವುದು ಮನನ. ಸಾವಿರಾರು ಭಕ್ತರಿಗೆ ಜಾತ್ರೆಯಲ್ಲಿ ಪ್ರಸಾದವನ್ನು ಬಡಿಸುವ ಮಠದ ಅಡುಗೆಮನೆಯನ್ನು ಒಂದು ದಿನ ನೋಡಿದರೆ ಯೋಜನೆಯಿಂದ ನಿಯಂತ್ರಣದವರೆಗೆ ಐದೂ ಕಾರ್ಯಗಳು ಕಣ್ಣಿಗೆ ಕಾಣುವುವು. ರಜೆಯಲ್ಲಿ ಕೆಲವು ವಾರ ಯಾವುದಾದರೊಂದು ವ್ಯವಹಾರದಲ್ಲಿ ಕೈಕೆಲಸ ಮಾಡಿ, ಕಿರ್ದಿ ಬರೆದು, ಚೀಲ ಎಣಿಸಿ ಅನುಭವವನ್ನು ಪಡೆಯುವುದು ನಿದಿಧ್ಯಾಸನಕ್ಕೆ ಸಮಾನ. ಹೊರೆ ಹೊರದವನಿಗೆ ಹೊರಿಸುವ ಅಧಿಕಾರವು ಶೋಭಿಸದು.

ಪಾಲಕರ ಕರ್ತವ್ಯವೂ ಇಲ್ಲಿ ಅಷ್ಟೇ ಇದೆ. ಕಲಿತು ಬಂದ ಮಗನ ಅಥವಾ ಮಗಳ ಮುಂದೆ ಲೆಕ್ಕಪುಸ್ತಕವನ್ನು ಮುಚ್ಚಿಡದೆ ತೆರೆದಿಡಬೇಕು. ಅಂಗಡಿಯ ಹೊಣೆಗೆ ಮಗನೇ ಯೋಗ್ಯನೆಂದು ಹಟಹಿಡಿಯಬಾರದು. ಮನೆಯಲ್ಲಿ ಅಳತೆಯರಿತವಳು ಲಕ್ಕಮ್ಮನೇ ಆಗಿದ್ದಳೆಂಬುದನ್ನು ನೆನೆಯಬೇಕು. ಮಕ್ಕಳಾದರೋ ತಂದೆಯ ಹಳೆಯ ರೀತಿಯನ್ನು ನಗೆಗೀಡುಮಾಡದೆ, ಮೊದಲು ನೋಡಿ, ಆಮೇಲೆ ಕೇಳಿ, ಕೊನೆಗೆ ತಿದ್ದಬೇಕು.

ದೃಷ್ಟಾಂತದ ಗಿರಣಿಯಲ್ಲಿ ಮರುವರ್ಷ ಸಾಲವು ತುಸು ಇಳಿದಿತ್ತು. ದಾಸೋಹಕ್ಕೆಂದು ಬೇರೆ ಖಾತೆ ತೆರೆದು, ನಿಜವಾಗಿ ಗಳಿಸಿದುದರಲ್ಲಿ ಒಂದು ಪಾಲನ್ನು ಅದರಲ್ಲಿ ಇಡತೊಡಗಿದರು. ಮೊತ್ತವು ಹಿಂದಿಗಿಂತ ಕಡಮೆಯಾಗಿತ್ತು. ಆದರೆ ತಂದೆಯು ಅದನ್ನು ಕೊಡುವಾಗ ಬ್ಯಾಂಕಿನ ನೆನಪಾಗುತ್ತಿರಲಿಲ್ಲ. ವಿದ್ಯೆಯೂ ಆಚಾರವೂ ಹೀಗೆ ಒಂದೇ ಗಾದಿಯಲ್ಲಿ ಕೂಡಿದಾಗ ವ್ಯವಹಾರವು ಕಾಯಕವಾಗುವುದು. ಸದ್ಭಕ್ತರ ಮನೆಗಳಲ್ಲಿ ಅಂಥ ಕಾಯಕವು ಬೆಳೆಯಲಿ, ಅದರ ಫಲವು ಶಿವಾರ್ಪಣವಾಗಲಿ.

ಮನನಕ್ಕಾಗಿ

1. ನಿರ್ವಹಣೆಯ ಐದು ಕಾರ್ಯಗಳನ್ನು ಹೆಸರಿಸಿ, ಜಾತ್ರೆಯ ದಾಸೋಹದಲ್ಲಿ ಅವು ಹೇಗೆ ಕಾಣುವುವೆಂದು ವಿವರಿಸಿರಿ.
2. ಗಣಿಯ ಕುದುರೆಯ ಪ್ರಸಂಗದಲ್ಲಿ ತಪ್ಪು ಯಾರದು? ಏಕೆ?
3. ನಿಮ್ಮ ಮನೆಯ ಹಣವೂ ವ್ಯವಹಾರದ ಹಣವೂ ಬೇರೆ ಬೇರೆ ಖಾತೆಗಳಲ್ಲಿವೆಯೇ? ಇಲ್ಲದಿದ್ದರೆ ಕಳೆದ ವರ್ಷದ ನಿಜವಾದ ಲಾಭವನ್ನು ಹೇಗೆ ತಿಳಿಯುವಿರಿ?
4. ಟೇಲರನ ಉದಾಹರಣೆಯಲ್ಲಿ ಕೂಲಿಗೆ ಸಲ್ಲಬೇಕಾದ ಪಾಲು ಎಷ್ಟೆಂದು ನಿಮಗೆ ತೋರುವುದು? ಕಾರಣಸಹಿತ ಬರೆಯಿರಿ.
5. ಆಪತ್ಕಾಲದ ಉಳಿತಾಯಕ್ಕೂ ಲಕ್ಕಮ್ಮನು ನಿರಾಕರಿಸಿದ ಹೆಚ್ಚಿನ ಅಕ್ಕಿಗೂ ಇರುವ ಭೇದವೇನು?